ಎಸ್‌ಯುವಿಯಲ್ಲಿ ಸೆರಾಮಿಕ್ ಗ್ರಿಲ್

ಪ್ರಶ್ನೆ: ಅಟ್ಲಾಂಟಾದಲ್ಲಿ ಸೆಕೆಂಡ್‌ಹ್ಯಾಂಡ್ ಬಿಗ್ ಗ್ರೀನ್ ಎಗ್ ಸಿಕ್ಕಿದೆ. ಡಲ್ಲಾಸ್‌ವರೆಗೆ ನಮ್ಮ ಎಸ್‌ಯುವಿಯಲ್ಲೇ ಒಯ್ಯಬಹುದೇ?

ಉತ್ತರ: ಧಾರಾಳವಾಗಿ ಒಯ್ಯಿರಿ. ‘ಲಾರ್ಜ್’ ಸೈಜಿನದು ಸುಮಾರು 70 ಕಿಲೋ ತೂಗುತ್ತದೆ, ಆದರೆ ಭಯ ತೂಕದ್ದಲ್ಲ, ಏಟಿನದು. ನೂರಾರು ಡಿಗ್ರಿ ಕಾವಿಗೆ ಜಗ್ಗದ ಸೆರಾಮಿಕ್, ಉಪ್ಪಿನಕಾಯಿ ಭರಣಿಯ ಹಾಗೆ ಒಂದೇ ಪೆಟ್ಟಿಗೆ ಸೀಳುತ್ತದೆ.

ದುಡ್ಡು ಕೊಡುವ ಮುಂಚೆ ಟಾರ್ಚ್ ಹಿಡಿದು ನೋಡಿ. ಒಳಗಿನ ಫೈರ್‌ಬಾಕ್ಸ್‌ನಲ್ಲಿ ಬಿರುಕಿದ್ದರೆ ಗಾಬರಿ ಬೇಡ, ಹಳೆಯದರಲ್ಲಿ ಅದು ಮಾಮೂಲಿ. ಹೊರಮೈಯಲ್ಲಿದ್ದರೆ ವ್ಯಾಪಾರ ಬಿಡಿ. ಕಂಪನಿಯ ವಾರಂಟಿ ಮೊದಲು ಕೊಂಡವರಿಗಷ್ಟೇ.

ಬೂದಿ ಪೂರ್ತಿ ಆರಿರಲಿ. ಜಾಲರಿ, ಫೈರ್ ರಿಂಗ್, ಫೈರ್‌ಬಾಕ್ಸ್ ಹೊರತೆಗೆದು ಒಂದೊಂದನ್ನೂ ಕಂಬಳಿಯಲ್ಲಿ ಸುತ್ತಿ. ಮುಚ್ಚಳ ಕಳಚುವುದಾದರೆ ಬೆರಳು ಜೋಪಾನ, ಹಿಂಜ್‌ನ ಸ್ಪ್ರಿಂಗ್ ಭಾರಿ ಬಿಗಿ. ಎತ್ತಲು ಇಬ್ಬರು ಬೇಕು: ಒಬ್ಬರ ಕೈ ಮುಂದಿನ ಗಾಳಿಕಿಂಡಿಯಲ್ಲಿ, ಇನ್ನೊಬ್ಬರದು ಹಿಂಬದಿಯ ತಳದಲ್ಲಿ. ಹಿಂಜ್ ಅಥವಾ ಪಕ್ಕದ ಹಲಗೆ ಹಿಡಿದು ಎತ್ತಲೇಬೇಡಿ.

ಗಾಡಿಯೊಳಗೆ ಹಳೆಯ ಟೈರ್ ಮಲಗಿಸಿ, ಅದರ ಮೇಲೆ ನೆಟ್ಟಗೆ ಕೂರಿಸಿ. ಇದಕ್ಕಿಂತ ಒಳ್ಳೆಯ ಪೀಠ ಕಾಸು ಕೊಟ್ಟರೂ ಸಿಗದು. ಸುತ್ತ ಕಂಬಳಿ ಹೊದಿಸಿ, ರ‍್ಯಾಚೆಟ್ ಪಟ್ಟಿಯಿಂದ ಕಟ್ಟಿ. ದಾರಿ 1,200 ಕಿಲೋಮೀಟರಿಗೂ ಹೆಚ್ಚಿದೆ. ನಿಂತಲ್ಲೆಲ್ಲ ಪಟ್ಟಿ ಸಡಿಲಾಗಿದೆಯೇ ನೋಡುತ್ತಿರಿ.