ದೊಡ್ಡ ಟಯರ್ ಹಾಕಿಸಿದ ಸಣ್ಣ ಕಾರು: ಮೈಲೇಜು ಕದ್ದವರು ಯಾರು?

ಮೈಲೇಜು ಇಳಿದರೆ ಮೊದಲು ಬೈಸಿಕೊಳ್ಳುವವನು ಬಂಕಿನ ಹುಡುಗ. ಆಮೇಲೆ ಗ್ಯಾರೇಜಿನ ಮೇಸ್ತ್ರಿ. “ಹದಿನೇಳು ಕೊಡ್ತಿದ್ದ ಗಾಡಿ ಹದಿನಾರಕ್ಕೆ ಬಂತಲ್ಲಪ್ಪಾ, ಏನು ಮಾಡಿದ್ದೀಯ?” ಅಂತ ಮಾಲೀಕರ ತಕರಾರು. ಮೇಸ್ತ್ರಿ ಪ್ಲಗ್ ತಿಕ್ಕುತ್ತಾನೆ, ಕಾರ್ಬ್ಯುರೇಟರ್ ಬಿಚ್ಚುತ್ತಾನೆ. ಕೆಳಗೆ ಬಗ್ಗಿ ಟಯರಿನ ಪಕ್ಕದಲ್ಲಿ ಬರೆದ ನಂಬರು ಓದುವವರು ಮಾತ್ರ ಕಡಿಮೆ. ಕಳ್ಳ ಅಲ್ಲೇ ಕೂತಿರಬಹುದು!

ಮಾರುತಿ 800 ಗಾಡಿಯನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಇಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಊರೂರಿನ ಪೇಟೆಬೀದಿಯಲ್ಲಿ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಹೆಂಡತಿ ಮಕ್ಕಳೂ ಕೂರಬೇಕು, ಸಂತೆಯ ಮೂಟೆಯೂ ಏರಬೇಕು. ರಸ್ತೆ ಉಬ್ಬು ಬಂದರೆ ಹೊಟ್ಟೆ ತಾಗುತ್ತದೆ. ಆಗ ಯಾರೋ ಹೇಳುತ್ತಾರೆ, “ಆಲ್ಟೊ ಟಯರ್ ಹಾಕ್ಸಿ ಸಾರ್, ಅದೇ ರಿಮ್ಮಿಗೆ ಕೂರುತ್ತೆ, ಗಾಡಿ ಎತ್ತರ ಆಗುತ್ತೆ.” ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಂಬರಿನ ಗುಟ್ಟು

ಮಾರುತಿ 800ಕ್ಕೆ ಕಂಪನಿ ಕೊಟ್ಟ ಟಯರ್ 145/70 ಆರ್ 12. ಆಲ್ಟೊ 800ಕ್ಕೆ 145/80 ಆರ್ 12. ಮೊದಲಿನ 145 ಎಂದರೆ ಅಗಲ, ಮಿಲಿಮೀಟರಿನಲ್ಲಿ. ನಡುವಿನ ಅಂಕಿ ಪಕ್ಕೆಯ ಎತ್ತರ. ಅಗಲದ ನೂರಕ್ಕೆ 70 ಪಾಲೋ 80 ಪಾಲೋ ಅಂತ. ಕೊನೆಯ 12 ರಿಮ್ಮಿನ ಅಳತೆ, ಇಂಚಿನಲ್ಲಿ.

ಅಗಲ ಒಂದೇ, ರಿಮ್ಮೂ ಒಂದೇ. ಎಪ್ಪತ್ತು ಎಂಬತ್ತಾದರೆ ಏನು ಮಹಾ? ಲೆಕ್ಕ ಹಾಕಿ ನೋಡಿ. ಹಳೆಯ ಚಕ್ರದ ವ್ಯಾಸ ಸುಮಾರು 508 ಮಿ.ಮೀ., ಹೊಸದರದ್ದು 537. ಗಾಡಿ ಎತ್ತರವಾಗುವುದು ಇದರ ಅರ್ಧ, ಅಂದರೆ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಆದರೆ ಒಂದು ಕಿಲೋಮೀಟರ್ ಓಡಲು ಹಳೆಯ ಚಕ್ರ ಸುಮಾರು 627 ಸುತ್ತು ಹಾಕಿದರೆ ಹೊಸದಕ್ಕೆ 593 ಸಾಕು.

ಮೀಟರಿಗೆ ರಸ್ತೆ ಕಾಣುವುದಿಲ್ಲ. ಗೇರ್‌ಬಾಕ್ಸಿನಿಂದ ಬರುವ ಸುತ್ತು ಎಣಿಸುವುದಷ್ಟೇ ಅದರ ಕೆಲಸ. ಸುತ್ತು ಕಡಿಮೆಯಾದರೆ ಕಿಲೋಮೀಟರೂ ಕಡಿಮೆ! 10 ಲೀಟರ್ ಪೆಟ್ರೋಲಿಗೆ ಗಾಡಿ ನಿಜವಾಗಿ 170 ಕಿ.ಮೀ. ಓಡಿದ್ದರೂ ಮೀಟರು ತೋರಿಸುವುದು 161. ಮಾಲೀಕರ ಲೆಕ್ಕದಲ್ಲಿ ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಮಾಯ. ಪೆಟ್ರೋಲ್ ಮಾತ್ರ ಎಲ್ಲೂ ಹೋಗಿಲ್ಲ.

ಇಷ್ಟಕ್ಕೇ ಮುಗಿದರೆ ಚಿಂತೆ ಇರಲಿಲ್ಲ. ಈ ಸುಳ್ಳು ಲೆಕ್ಕ ನಂಬಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬಿಗಿ ಮಾಡಿಸಿದರೆ ಎಂಜಿನ್ ಕಾಯುತ್ತದೆ, ಎಳೆತ ಕುಗ್ಗುತ್ತದೆ. ಇಲ್ಲದ ಕಾಯಿಲೆಗೆ ಔಷಧ ಕೊಟ್ಟು ಇರುವ ಆರೋಗ್ಯ ಕೆಡಿಸಿದ ಹಾಗೆ. ವೇಗದ ಮುಳ್ಳಿನದೂ ಇದೇ ಕತೆ. ಅದು 60 ತೋರಿಸುವಾಗ ಗಾಡಿ ಮೊದಲಿಗಿಂತ ಮೂರು ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತದೆ.

ನಿಜವಾದ ನಷ್ಟ

ಹಾಗಾದರೆ ನಷ್ಟವೇ ಇಲ್ಲವೇ? ಇದೆ. ದೊಡ್ಡ ಚಕ್ರ ಅಂದರೆ ಗೇರು ಉದ್ದವಾದಂತೆ. ಸೈಕಲ್ಲಿಗೆ ಮುಂದಿನ ಹಲ್ಲುಚಕ್ರ ದೊಡ್ಡದು ಹಾಕಿ ಏರು ಹತ್ತಿದವರಿಗೆ ಇದು ಗೊತ್ತು. ಸಮತಟ್ಟು ಹೆದ್ದಾರಿಯಲ್ಲಿ ಎಂಜಿನ್ ನಿಧಾನ ತಿರುಗಿ ಸ್ವಲ್ಪ ಲಾಭವೂ ಆಗಬಹುದು. ಆದರೆ ಹೆಜ್ಜೆಗೊಂದು ಬ್ರೇಕ್ ಹಾಕುವ ಪೇಟೆಯಲ್ಲಿ, ಘಾಟಿಯಲ್ಲಿ, 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ತಿಣುಕುತ್ತದೆ. ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಓಡಿಸಬೇಕು. ಶೋಕಿಗೆ 165ರ ಅಗಲದ ಟಯರ್ ಹಾಕಿಸಿದವರಿಗೆ ತೂಕವೂ ಜಾಸ್ತಿ, ಗಾಳಿಯ ತಡೆಯೂ ಜಾಸ್ತಿ.

ಅದೇ ಅಳತೆಯ ಟಯರ್ ಹಾಕಿಸಿದರೂ ಒಂದು ಮಾತು ನೆನಪಿರಲಿ. ಸವೆದ ಟಯರ್ ಚಿಕ್ಕದು. ಸುತ್ತು ಹೆಚ್ಚಾಗಿ ಮೀಟರು ನೂರಕ್ಕೆ ಒಂದೆರಡು ಕಿಲೋಮೀಟರ್ ಹೆಚ್ಚೇ ತೋರಿಸುತ್ತದೆ. ಹೊಸದು ಹಾಕಿದ ದಿನ ಆ ಹುಸಿ ಮೈಲೇಜು ಹೋಗುತ್ತದೆ. “ಹಳೇ ಟಯರೇ ವಾಸಿ” ಅನ್ನಬೇಡಿ. ಹಲ್ಲು 1.6 ಮಿ.ಮೀ.ಗಿಂತ ಸವೆದರೆ ಕಾನೂನೂ ಒಪ್ಪುವುದಿಲ್ಲ, ಮಳೆಗಾಲದಲ್ಲಿ ಬ್ರೇಕೂ ಒಪ್ಪುವುದಿಲ್ಲ.

ಕಲ್ಲು ಸುಳ್ಳು ಹೇಳದು

ಪರೀಕ್ಷೆಗೆ ಖರ್ಚಿಲ್ಲ. ಹೆದ್ದಾರಿಯ ಬದಿಯ ಕಿಲೋಮೀಟರ್ ಕಲ್ಲು ಹಿಡಿದು ಇಪ್ಪತ್ತು ಕಲ್ಲು ದಾಟಿ. ಮೀಟರು 19ಕ್ಕೆ ನಿಂತಿದ್ದರೆ ಮೇಸ್ತ್ರಿಯನ್ನು ಬೈಯಬೇಡಿ. ನಿಮ್ಮ ಮೈಲೇಜಿನ ಲೆಕ್ಕಕ್ಕೆ ನೂರಕ್ಕೆ ಐದು ಸೇರಿಸಿಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿ ಲೆಕ್ಕ ನೋಡಿ. ಒಂದು ಸಲಕ್ಕೆ ತೀರ್ಮಾನ ಬೇಡ, ಮೂರು ಸಲ ನೋಡಿ.

ಆಮೇಲೆ ಗಾಳಿ. ಟಯರಿನಲ್ಲಿ ಗಾಳಿ ಕಡಿಮೆಯಾದರೆ ರಬ್ಬರ್ ಹೆಚ್ಚು ಮಡಚಿ ಬಿಸಿಯಾಗುತ್ತದೆ. ಆ ಬಿಸಿಯೂ ನೀವು ದುಡ್ಡು ಕೊಟ್ಟ ಪೆಟ್ರೋಲೇ. ಹದಿನೈದು ದಿನಕ್ಕೊಮ್ಮೆ, ಟಯರ್ ತಣ್ಣಗಿರುವಾಗ, ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿದರೆ ಸಾಕು. ಸಾವಿರಾರು ರೂಪಾಯಿಯ ಹೊಸ ಟಯರಿಗೆ ಕೈಹಾಕುವ ಮುಂಚೆ ಇಷ್ಟು ಮಾಡಿ. ಟಯರ್ ಬದಲಿಸಲೇಬೇಕೆಂದರೆ ಅಂಗಡಿಯವನ ಮಾತಿಗಿಂತ ಮೊದಲು ಕಂಪನಿಯ ಪುಸ್ತಕ ತೆರೆಯಿರಿ. ಅಲ್ಲಿ ಬರೆದ ನಂಬರು ಬಿಟ್ಟು ಬೇರೆ ಹಾಕಿಸಿದರೆ ಗಾಡಿ ಒಂದು ಬೆರಳು ಎತ್ತರವಾದೀತು. ಅಷ್ಟಕ್ಕೆ ನಂಬಿಕೆಯ ಮೀಟರನ್ನು ಕಳೆದುಕೊಳ್ಳುವುದು ಯಾವ ವ್ಯಾಪಾರ?