ಹುಡುಕದೆ ಸಿಕ್ಕ ಚುಕ್ಕೆ

ಕ್ಯಾನ್ಸರ್ ರೋಗಿಗೆ ಸಿಟಿ ಅಥವಾ ಪೆಟ್ ಸ್ಕ್ಯಾನ್ ಮಾಡಿಸುವುದು ರೋಗ ಎಲ್ಲಿಯವರೆಗೆ ಹೋಗಿದೆ, ಔಷಧಕ್ಕೆ ಜಗ್ಗುತ್ತಿದೆಯೇ ಎಂದು ತಿಳಿಯಲು. ಯಂತ್ರಕ್ಕೆ ಮಾತ್ರ ಬೇಕಾದ್ದನ್ನಷ್ಟೇ ಆರಿಸಿ ತೋರಿಸಲು ಬರುವುದಿಲ್ಲ. ಪಿತ್ತಕೋಶದ ಕಲ್ಲು, ಕಿಡ್ನಿಯ ನೀರುಗುಳ್ಳೆ, ಎಂದೋ ವಾಸಿಯಾದ ಟಿಬಿಯ ಕಲೆ, ಬೆನ್ನುಮೂಳೆಯ ಸವೆತ ಎಲ್ಲವೂ ಚಿತ್ರದೊಳಗೆ ಬಂದು ಕೂರುತ್ತವೆ. ಹುಡುಕಿದ್ದು ಒಂದು, ಕಣ್ಣಿಗೆ ಬಿದ್ದದ್ದು ಇನ್ನೊಂದು. ಇಂಥವನ್ನು ವೈದ್ಯರು ಆಕಸ್ಮಿಕ ಪತ್ತೆಗಳು ಎನ್ನುತ್ತಾರೆ. ವಯಸ್ಸು ಏರಿದಷ್ಟೂ ಇವುಗಳ ಸಂಖ್ಯೆ ಏರುತ್ತದೆ. ಅರವತ್ತು ದಾಟಿದವರ ರಿಪೋರ್ಟಿನಲ್ಲಿ ಇಂಥದ್ದು ಒಂದೂ ಇಲ್ಲದಿದ್ದರೇ ಆಶ್ಚರ್ಯ.

ಕ್ಯಾನ್ಸರ್ ಇಲ್ಲದವರಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಬದಿಗಿಡಬಹುದು. ಕ್ಯಾನ್ಸರ್ ಇರುವವರಲ್ಲಿ ಅದೇ ಚುಕ್ಕೆ ‘ಹರಡಿದೆ’ ಎಂಬ ಸುದ್ದಿಯೂ ಆಗಿರಬಹುದು. ಹರಡಿದ್ದನ್ನು ಮಾಮೂಲಿ ಎಂದು ಬಿಟ್ಟರೆ ಹೊತ್ತು ಮೀರುತ್ತದೆ. ಮಾಮೂಲಿ ಗಂಟನ್ನು ಹರಡಿದ್ದು ಎಂದುಕೊಂಡರೆ, ಆಪರೇಷನ್ ಮಾಡಿ ಗುಣಪಡಿಸಬಹುದಾಗಿದ್ದ ರೋಗಿ ನಾಲ್ಕನೇ ಸ್ಟೇಜ್ ಎಂದು ಬರೆಸಿಕೊಂಡು ಕೈತಪ್ಪುತ್ತಾರೆ. ಮೊದಲ ತಪ್ಪಿನ ಭಯ ಎಲ್ಲರಿಗೂ ಇದೆ. ಎರಡನೆಯದರ ಭಯವೂ ಅಷ್ಟೇ ಇರಬೇಕು.

ಅಡ್ರಿನಲ್ ಗ್ರಂಥಿಯ ಗಂಟನ್ನೇ ನೋಡಬಹುದು. ಎರಡೂ ಕಿಡ್ನಿಗಳ ನೆತ್ತಿಯ ಮೇಲಿರುವ ಈ ಪುಟ್ಟ ಗ್ರಂಥಿಗಳಲ್ಲಿ ವಯಸ್ಸಾದಂತೆ ನಿರುಪದ್ರವಿ ಗಂಟುಗಳು ಬೆಳೆಯುವುದು ಸಾಮಾನ್ಯ. ಶ್ವಾಸಕೋಶ, ಸ್ತನ, ಕಿಡ್ನಿ ಕ್ಯಾನ್ಸರ್‌ಗಳು ಹರಡಿ ಬಂದು ನೆಲೆಸುವ ಜಾಗಗಳಲ್ಲಿ ಒಂದು ಕೂಡ ಇದೇ. ಚಿತ್ರದಲ್ಲಿ ಎರಡೂ ಒಂದೇ ತರಹದ ಬೂದು ಉಂಡೆಯಾಗಿ ಕಾಣಬಹುದು. ಬೇರ್ಪಡಿಸಲು ನೆರವಾಗುವುದು ಒಂದು ಅಂಕಿ. ಸಿಟಿ ಯಂತ್ರ ಅಂಗಾಂಶಗಳ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಅಳೆಯುತ್ತದೆ. ಸಿಟಿಯನ್ನು ರೂಪಿಸಿದ್ದಕ್ಕಾಗಿ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಹಂಚಿಕೊಂಡ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಹೆಸರು ಅದಕ್ಕಿದೆ. ಈ ಮಾನದಲ್ಲಿ ನೀರು 0, ಗಾಳಿ −1000, ಕೊಬ್ಬು ಸುಮಾರು −100. ನಿರುಪದ್ರವಿ ಅಡ್ರಿನಲ್ ಗಂಟಿನ ಜೀವಕೋಶಗಳಲ್ಲಿ ಬಹುತೇಕ ಕೊಬ್ಬು ತುಂಬಿರುವುದರಿಂದ ಅಂಕಿ ಕೆಳಗಿಳಿಯುತ್ತದೆ. ಗಂಟು ಒಂದೇ ಸಮನಾಗಿದ್ದು ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಕ್ಯಾನ್ಸರ್ ರೋಗಿಯಲ್ಲೂ ಅದನ್ನು ನಿರುಪದ್ರವಿ ಎಂದೇ ಪರಿಗಣಿಸುತ್ತಾರೆ.

ಇಲ್ಲೊಂದು ಸಣ್ಣ ತೊಡಕಿದೆ. ಈ ಲೆಕ್ಕ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡದೆ ತೆಗೆದ ಪ್ಲೇನ್ ಸಿಟಿಗೆ ಮಾತ್ರ ಹೊಂದುತ್ತದೆ. ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮಾಡುವುದು ಕಾಂಟ್ರಾಸ್ಟ್ ಸಿಟಿ. ಹಾಗಾಗಿ ಅಷ್ಟು ಭಾಗಕ್ಕೆ ಮತ್ತೊಮ್ಮೆ ಪ್ಲೇನ್ ಸ್ಕ್ಯಾನ್ ಬರೆದುಕೊಟ್ಟರೆ ಅದು ಸುಮ್ಮನೆ ಖರ್ಚಲ್ಲ. ಅಂಕಿ 30 ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ. ಕೊಬ್ಬು ಕಡಿಮೆಯಿರುವ ನಿರುಪದ್ರವಿ ಗಂಟುಗಳೂ ಇವೆ. ಆಗ ಎಂಆರ್‌ಐ, ಪೆಟ್, ಕೊನೆಗೆ ಬಯಾಪ್ಸಿ. ಅಡ್ರಿನಲ್‌ಗೆ ಸೂಜಿ ಹಾಕುವ ಮುನ್ನ ರಕ್ತ ಅಥವಾ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ ಆಗಿರಬೇಕು. ಫಿಯೋಕ್ರೋಮೋಸೈಟೋಮಾ ಎಂಬ ಅಪರೂಪದ ಗೆಡ್ಡೆಗೆ ಗೊತ್ತಿಲ್ಲದೆ ಚುಚ್ಚಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಏರಬಹುದು.

ಶ್ವಾಸಕೋಶದ ಚುಕ್ಕೆಗಳಿಗೆ ಇಂಥ ಅಂಕಿಯ ನೆರವು ಕಡಿಮೆ. ನಾಲ್ಕೈದು ಮಿಲಿಮೀಟರಿನ ಚುಕ್ಕೆಗೆ ಸೂಜಿ ಗುರಿಯಿಡುವುದು ಕಷ್ಟ, ಪೆಟ್ ಸ್ಕ್ಯಾನ್ ಅಷ್ಟು ಚಿಕ್ಕದರ ಬಗ್ಗೆ ಖಚಿತವಾಗಿ ಏನನ್ನೂ ಹೇಳದು. ಟಿಬಿ ಇಷ್ಟೊಂದು ಇರುವ ಭಾರತದಲ್ಲಿ ಇವುಗಳಲ್ಲಿ ಎಷ್ಟೋ ಹಳೆಯ ಸೋಂಕಿನ ಗುರುತುಗಳು. ಪೂರ್ತಿ ಸುಣ್ಣಗಟ್ಟಿದ್ದರೆ ಆ ಊಹೆಗೆ ಬಲ ಬರುತ್ತದೆ, ಮೂಳೆ ಕ್ಯಾನ್ಸರ್ ಆಸ್ಟಿಯೋಸಾರ್ಕೋಮಾ ಇರುವವರನ್ನು ಬಿಟ್ಟು. ಅದು ಹರಡಿದ ಕಡೆಯೂ ಸುಣ್ಣ ಕಟ್ಟುತ್ತದೆ. ಶ್ವಾಸಕೋಶದ ಗಂಟುಗಳ ಬಗ್ಗೆ ಫ್ಲೈಷ್ನರ್ ಸೊಸೈಟಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಅಪಾಯ ಕಡಿಮೆಯಿರುವವರಲ್ಲಿ 6 ಮಿ.ಮೀ.ಗಿಂತ ಚಿಕ್ಕ ಘನ ಗಂಟಿಗೆ ಮತ್ತೆ ಸ್ಕ್ಯಾನ್ ಬೇಕಿಲ್ಲ. ಮೊಬೈಲಿನಲ್ಲಿ ಇದನ್ನು ಓದಿ ನಿರಾಳರಾಗುವವರಿದ್ದಾರೆ. ಆ ಮಾರ್ಗಸೂಚಿ ಕ್ಯಾನ್ಸರ್ ಇರುವವರಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಇದೆ. ಅವರಿಗೆ ಸಾಮಾನ್ಯವಾಗಿ ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ.

ಪೆಟ್ ಸ್ಕ್ಯಾನಿನಲ್ಲಿ ಗೊಂದಲಕ್ಕೆ ಕಾರಣ ಅದರ ಕೆಲಸದ ರೀತಿಯೇ. ವಿಕಿರಣ ಬೆರೆಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದನ್ನು ಹೆಚ್ಚು ಹೀರುವ ಜಾಗ ಯಾವುದೆಂದು ನೋಡಲಾಗುತ್ತದೆ. ಕ್ಯಾನ್ಸರ್ ಹೀರುತ್ತದೆ, ಟಿಬಿ, ನ್ಯುಮೋನಿಯಾ, ಮಾಯುತ್ತಿರುವ ಮೂಳೆಮುರಿತವೂ ಹೀರುತ್ತವೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರ ಕರುಳು ಉದ್ದಕ್ಕೂ ಬೆಳಗುತ್ತದೆ. ಕೀಮೋ ನಂತರ ಬಿಳಿರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಪಡೆದವರ ಮಜ್ಜೆ ಎಲ್ಲೆಡೆ ಹೊಳೆದು, ಮೂಳೆಗೆಲ್ಲ ರೋಗ ಹರಡಿದಂತೆ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದ ತೆಗೆದುಕೊಳ್ಳುವ ಔಷಧಗಳ ಪಟ್ಟಿ ಸ್ಕ್ಯಾನ್ ಸೆಂಟರಿನವರ ಕೈಗೆ ಸಿಗಬೇಕು. ಹಾಗೆಂದು ಎಲ್ಲ ಹೊಳಪನ್ನೂ ತಳ್ಳಿಹಾಕುವಂತಿಲ್ಲ. ಥೈರಾಯ್ಡಿನ ಒಂದೇ ಬಿಂದು ಹೊಳೆದರೆ ಸರಿಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಅದು ಥೈರಾಯ್ಡಿನದೇ ಕ್ಯಾನ್ಸರ್ ಆಗಿರುತ್ತದೆ.

ಕ್ಯಾನ್ಸರ್ ಅಲ್ಲದಿದ್ದರೂ ತಡಮಾಡಬಾರದ ಪತ್ತೆಯೆಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಕ್ಯಾನ್ಸರ್ ಇರುವವರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಉಸಿರಾಟದ ತೊಂದರೆ ಇಲ್ಲದಿದ್ದರೂ ಸಾಮಾನ್ಯವಾಗಿ ರಕ್ತ ತೆಳುಮಾಡುವ ಔಷಧ ಶುರುವಾಗುತ್ತದೆ. ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವ ವಿಷಯ ಇದಲ್ಲ.

ಉಳಿದ ಬಹುಪಾಲು ಅನುಮಾನಗಳನ್ನು ಅಗ್ಗವಾಗಿ ಬಗೆಹರಿಸುವುದು ಹಳೆಯ ಸ್ಕ್ಯಾನ್. ಕ್ಯಾನ್ಸರ್ ಬರುವ ಎರಡು ವರ್ಷ ಮೊದಲು ಕಲ್ಲಿನ ನೋವಿಗೆಂದು ತೆಗೆಸಿದ ಸಿಟಿಯಲ್ಲಿ ಲಿವರ್‌ನ ಅದೇ ಚುಕ್ಕೆ ಅದೇ ಗಾತ್ರದಲ್ಲಿದ್ದರೆ ಚರ್ಚೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಕಲಬುರಗಿಯಲ್ಲೋ ದಾವಣಗೆರೆಯಲ್ಲೋ ಸ್ಕ್ಯಾನ್ ಮಾಡಿಸಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರು ರಿಪೋರ್ಟಿನ ಹಾಳೆಯ ಜೊತೆ ಸಿಡಿಯನ್ನೂ ತರಬೇಕಾದದ್ದು ಇದಕ್ಕೇ. ಹೋಲಿಸಬೇಕಾದ್ದು ಚಿತ್ರಗಳನ್ನು. ರಿಪೋರ್ಟಿನಲ್ಲಿ 5 ಮಿ.ಮೀ. ಇದ್ದದ್ದು ಈಗ 6 ಮಿ.ಮೀ. ಎಂದಿದ್ದರೆ ಅದು ಬೆಳವಣಿಗೆಯೇ ಆಗಬೇಕಿಲ್ಲ, ಅಳತೆಯ ವ್ಯತ್ಯಾಸವೂ ಇರಬಹುದು. ‘ಇಂಡಿಟರ್ಮಿನೇಟ್’ ಎಂಬ ಮಾತು ಓದಿ ಗಾಬರಿಗೊಳ್ಳುವವರು ಬಹಳ. ಈ ಒಂದು ಚಿತ್ರದಿಂದ ಇಷ್ಟೇ ಹೇಳಲು ಸಾಧ್ಯ ಎಂಬುದರಾಚೆಗೆ ಅದರಲ್ಲಿ ಗುಟ್ಟೇನೂ ಇಲ್ಲ.

ಮುಂದೇನು ಎಂಬುದು, ಉತ್ತರ ಸಿಕ್ಕರೆ ಚಿಕಿತ್ಸೆ ಬದಲಾಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ಆಗಲೇ ಹಲವು ಕಡೆ ಹರಡಿರುವ ರೋಗಿಯ ಥೈರಾಯ್ಡಿನ ಗಂಟನ್ನು ಕೆದಕಿ ಹೆಚ್ಚಿನ ಪ್ರಯೋಜನವಿಲ್ಲ, ಅನುಭವಿ ವೈದ್ಯರು ಅದನ್ನು ಬಿಟ್ಟುಬಿಡುವುದೇ ಹೆಚ್ಚು. ಮೊದಲ ಹಂತದ ರೋಗಿಯ ಲಿವರ್‌ನಲ್ಲಿ ಒಂದೇ ಒಂದು ಅನುಮಾನದ ಚುಕ್ಕೆ ಇದ್ದರೆ ಮಾತು ಬೇರೆ. ಆಪರೇಷನ್ ರದ್ದುಮಾಡುವ ಮೊದಲು ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಬೇಕು. ಕೀಮೋಗೆ ಎಲ್ಲ ಗಂಟುಗಳೂ ಕುಗ್ಗುತ್ತಿರುವಾಗ ಒಂದು ಮಾತ್ರ ಬೆಳೆದರೂ ಹಾಗೆಯೇ. ಅದು ಔಷಧಕ್ಕೆ ಮಣಿಯದ ಕ್ಯಾನ್ಸರ್ ಇರಬಹುದು, ಬೇರೆಯೇ ಕ್ಯಾನ್ಸರ್ ಇರಬಹುದು, ಕುಗ್ಗಿದ ರೋಗನಿರೋಧಕ ಶಕ್ತಿಯ ಸಂದು ನೋಡಿ ತಲೆಯೆತ್ತಿದ ಟಿಬಿಯೂ ಇರಬಹುದು. ಇಂಥಲ್ಲಿ ತೆಗೆದ ಚೂರಿನ ಒಂದು ಭಾಗ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ ಹೋದರೆ, ಇನ್ನೊಂದು ಭಾಗ ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೆ ಹೋಗಬೇಕು. ಫಾರ್ಮಲಿನ್‌ಗೆ ಬಿದ್ದ ಚೂರಿನಲ್ಲಿ ರೋಗಾಣು ಸತ್ತುಹೋಗಿ ಕಲ್ಚರ್ ಮಾಡಲು ಆಗುವುದಿಲ್ಲ.