ಉಗುರಿಗೆ ಸಿಕ್ಕಷ್ಟೇ

"ಕತ್ತಿ ಎಂತಕ್ಕೆ ಮಾಣಿ? ಸೊಪ್ಪು ಕೊಯ್ಯಲೆ ಉಗುರು ಸಾಕು."

ಜಗಲಿಯ ಮೂಲೆಯಲ್ಲಿದ್ದ ಕತ್ತಿಗೆ ಕೈ ಹಾಕಿದವನು ಅಲ್ಲೇ ನಿಂತೆ. ಸಣ್ಣತ್ತೆ ನನ್ನ ಕೈಗೊಂದು ಬಿದಿರು ಬುಟ್ಟಿ ಕೊಟ್ಟು, ತಲೆಗೆ ಕಂಬಳಿಕೊಪ್ಪೆ ಏರಿಸಿಕೊಂಡು ಮೆಟ್ಟಿಲಿಳಿದಾಗಿತ್ತು. ಪುನರ್ವಸು ಮಳೆ ತುಸು ಬಿಡುವು ಕೊಟ್ಟ ಬೆಳಗು. ಸಿದ್ದಾಪುರ ತಾಲ್ಲೂಕಿನ ಅಂಚಿನ ಊರು ಇದು. ಇಲ್ಲಿಂದ ಮುಂದೆ ನೆಲ ಅಘನಾಶಿನಿ ಕಣಿವೆಗೆ ಜಾರುತ್ತದೆ. ಉಂಬಳಕ್ಕೆಂದು ಮೊಣಕಾಲವರೆಗೆ ಸುಣ್ಣ, ತಂಬಾಕು ತಿಕ್ಕಿಕೊಂಡು ನಾನೂ ಹಿಂದೆ ಬಿದ್ದೆ. ಮಧ್ಯಾಹ್ನದ ಊಟಕ್ಕೆ ತಂಬಳಿ, ಸಂಜೆಗೆ ಪತ್ರೊಡೆ. ಎರಡಕ್ಕೂ ಬೇಕಾದದ್ದು ಕಾಡಿನಿಂದಲೇ ಬರಬೇಕು.

ಅಡಿಕೆ ತೋಟಕ್ಕೆ ಇಳಿಯುತ್ತಿದ್ದಂತೆ ಮರಗಳ ಬುಡದಲ್ಲಿ ಒಂದೆಲಗ ಹಾಸಿಕೊಂಡಿತ್ತು. ಅಂಗೈಯಗಲದ ದುಂಡು ಎಲೆ, ಹೊಳೆಯುವ ಹಸಿರು. ಬಗ್ಗಿದೆ. ಅತ್ತೆ ತಿರುಗಿಯೂ ನೋಡದೆ ಅಂದಳು: "ಅಲ್ಲಿಂದು ಬ್ಯಾಡ. ಮೊನ್ನೆ ಔಷಧಿ ಹೊಡೆದಿದ್ದು." ಸರಿಯಾಗಿ ನೋಡಿದರೆ ಎಲೆಯ ಮೇಲೆ ನೀಲಿ ಚುಕ್ಕೆಗಳು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆಗೊನೆಗೆ ಹೊಡೆದದ್ದರಲ್ಲಿ ಎಷ್ಟೋ ಪಾಲು ಮರದ ಬುಡಕ್ಕೇ ಇಳಿಯುತ್ತದೆ. ಪೇಟೆಯಿಂದ ಬಂದವರು ಮೊದಲು ಕೈ ಹಾಕುವುದು ಇಂಥ ಸೊಂಪಾದ ಜಾಗಕ್ಕೇ. ತಾನಾಗಿ ಬೆಳೆದದ್ದು, ಆದ್ದರಿಂದ ಶುದ್ಧ ಎಂಬ ನಂಬಿಕೆ ನಮ್ಮದು. ಗಿಡ ತಾನಾಗಿಯೇ ಬೆಳೆದಿದೆ, ನಿಜ. ಅದರ ಮೇಲೆ ಬಿದ್ದದ್ದು ತಾನಾಗಿ ಬಿದ್ದದ್ದಲ್ಲ.

ತೋಟ ದಾಟಿ, ಅದಕ್ಕಿಂತ ಎತ್ತರದಲ್ಲಿ ಹರಿಯುವ ಹಳ್ಳದ ದಂಡೆಗೆ ಹತ್ತಿದೆವು. ಅಲ್ಲಿಯ ಒಂದೆಲಗ ಸಣ್ಣದು, ನಾಣ್ಯದಷ್ಟು. ನಾನು ಹಿಡಿದೆಳೆದೆ. ಬಳ್ಳಿಯೇ ಕಿತ್ತು ಬಂತು, ಗೆಣ್ಣುಗೆಣ್ಣಿಗೂ ಬಿಳಿ ಬೇರು, ಮಣ್ಣು. ಅತ್ತೆ ಅದನ್ನು ನನ್ನ ಕೈಯಿಂದ ಕಸಿದು, ಬೆರಳಲ್ಲಿ ಕೆಸರು ಬಗೆದು, ಮತ್ತೆ ನೆಟ್ಟಳು. "ಬಳ್ಳಿ ಎಳೆಯಲಾಗ. ಎಳೆದ್ರೆ ಮುಂದಿನ ವಾರ ಎಂತರ ತಂಬಳಿ ಮಾಡದು?" ಆಮೇಲೆ ತೋರಿಸಿದಳು: ಎಲೆಯ ಕೆಳಗೆ ತೊಟ್ಟಿಗೆ ಹೆಬ್ಬೆರಳ ಉಗುರು ಒತ್ತಿದರೆ ಚಿಟ್ ಎಂದು ತುಂಡಾಗುತ್ತದೆ, ಬಳ್ಳಿ ನೆಲದಲ್ಲೇ ಉಳಿಯುತ್ತದೆ, ವಾರದಲ್ಲಿ ಮತ್ತೆ ಎಲೆ ಬಿಡುತ್ತದೆ. ಒಂದು ಕಡೆ ನಾಲ್ಕೈದು ಎಲೆ, ನಾಲ್ಕು ಹೆಜ್ಜೆ ಮುಂದೆ ಮತ್ತೆ ನಾಲ್ಕೈದು. ಕೊಯ್ದ ಜಾಗ ಯಾವುದು ಅಂತ ತಿರುಗಿ ನೋಡಿದರೆ ಗೊತ್ತಾಗಲಿಲ್ಲ. ಗೊತ್ತಾಗಬಾರದು ಎಂಬುದೇ ಲೆಕ್ಕವಂತೆ.

ಹಳ್ಳದ ಆಚೆಗೆ ಬೆಟ್ಟ. ಘಟ್ಟದ ಮೇಲಿನವರು ಬೆಟ್ಟ ಎಂದರೆ ಗುಡ್ಡವಲ್ಲ, ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ; ಭೂಮಿ ಸರ್ಕಾರದ್ದು, ಸೊಪ್ಪು ಸವರುವ ಸೌಲಭ್ಯ ತೋಟಿಗರದ್ದು. ಬ್ರಿಟಿಷರ ಕಾಲದಿಂದ ನಡೆದುಬಂದ ಏರ್ಪಾಡು. ಅದನ್ನು ಹೊಗಳುವವರೂ ಇದ್ದಾರೆ, ಬೆಟ್ಟಗಳು ಬೋಳಾದದ್ದು ಇದರಿಂದಲೇ ಎನ್ನುವವರೂ ಇದ್ದಾರೆ. ಇಬ್ಬರೂ ತಮ್ಮ ಮಾತಿಗೆ ಸಾಕ್ಷಿಯಾಗಿ ಒಂದೊಂದು ಬೆಟ್ಟ ತೋರಿಸಬಲ್ಲರು. ಅತ್ತೆಯ ಮನೆಯ ಬೆಟ್ಟದಲ್ಲಿ ಮರಗಳಿನ್ನೂ ನಿಂತಿವೆ.

ನಿಂತಿದ್ದಕ್ಕೇ ಮರಕೆಸು ಸಿಕ್ಕಿತು. ಮತ್ತಿಮರದ ಕವಲಿನಲ್ಲಿ, ಪಾಚಿಯ ನಡುವೆ, ಹೃದಯದಾಕಾರದ ಏಳೆಂಟು ಎಲೆ. ಬೇಸಿಗೆಯಿಡೀ ಗೆಡ್ಡೆ ಮರದ ಮೇಲೆಯೇ ಸತ್ತಂತೆ ಮಲಗಿದ್ದು ಮಳೆ ಬಿದ್ದೊಡನೆ ಏಳುತ್ತದೆ. ಈಗೀಗ ಈ ಎಲೆಗೆ ಪೇಟೆಯಲ್ಲಿ ಒಳ್ಳೇ ಬೆಲೆ. ಹಾಗಾಗಿ ಕೆಲವರು ದೋಟಿಯಲ್ಲಿ ಗೆಡ್ಡೆ ಸಮೇತ ಕೆರೆದು ಉದುರಿಸುತ್ತಾರೆ. ಒಂದೇ ಏಟಿಗೆ ಈ ವರ್ಷದ್ದೂ ಸಿಕ್ಕಿತು, ಮುಂದಿನ ವರ್ಷದ್ದೂ ಮುಗಿಯಿತು. ಅತ್ತೆ ಕಲ್ಲಿನ ಮೇಲೆ ಹತ್ತಿ ಬಲಿತ ಐದು ಎಲೆ ಮುರಿದು, ಸುಳಿಯನ್ನೂ ಅದರ ಪಕ್ಕದ ಎಳೆಯದನ್ನೂ ಬಿಟ್ಟಳು. ಕೆಸುವಿನಲ್ಲಿರುವ ಆಕ್ಸಲೇಟ್ ಹರಳು ಗಂಟಲು ಕೆರೆಯುವುದರಿಂದ ಪತ್ರೊಡೆಯ ಹಿಟ್ಟಿಗೆ ಹುಳಿ ಬೀಳಲೇಬೇಕು. ಮರಕೆಸು ಕೆರೆಯುವುದೇ ಇಲ್ಲ ಎಂದು ಹೇಳಿ ಹಸಿ ಎಲೆಯ ಚೂರು ಬಾಯಿಗಿಟ್ಟುಕೊಂಡ ಗೆಳೆಯನೊಬ್ಬ ನನಗಿದ್ದಾನೆ. ಅವನು ಅರ್ಧ ದಿನ ಮಾತಾಡಲಿಲ್ಲ. ನಮಗೇನೋ ಅದು ಲಾಭವೇ.

ಮುಂದೆ ನೆಲದ ತುಂಬ ಹಳದಿ ಹಣ್ಣು ಬಿದ್ದಿದ್ದವು, ಪುಟ್ಟ ಕುಂಬಳದಂತೆ ಗೀರುಗೀರಾಗಿ. ಉಪ್ಪಾಗೆ. ಈ ನಡಿಗೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಈ ಮರದ ಕೆಳಗೆ. ಇದರ ಬೀಜದಿಂದ ತುಪ್ಪ ತೆಗೆಯುವುದು ಹವ್ಯಕರ ಮನೆಗಳ ಹಳೇ ರೂಢಿ. ಒಣಗಿಸಿದ ಸಿಪ್ಪೆ ಅಡುಗೆಯ ಹುಳಿಗೆ. 1990ರ ದಶಕದಲ್ಲಿ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಮಾತು ಹೊರದೇಶಗಳಲ್ಲಿ ಹಬ್ಬಿತು. ಅಲ್ಲಿಯವರು ಗುಳಿಗೆ ನುಂಗತೊಡಗಿದ್ದಕ್ಕೆ ಇಲ್ಲಿ ಮರಗಳ ಟೊಂಗೆ ಬಿತ್ತು.

ಅತ್ತೆಗೆ ಆ ವರ್ಷಗಳು ಚೆನ್ನಾಗಿ ನೆನಪಿವೆ. ಬೆಟ್ಟದ ಮರದ ಹಣ್ಣು ಬೀಳುವತನಕ ಮನೆಯವರು ಕಾದರು. ಹೇಗೂ ಬೇರೆಯವರು ಬರುವುದಿಲ್ಲ ಎಂಬ ಧೈರ್ಯ. ಆಚೆಯ ಕಾಡಿನಲ್ಲಿ ಹಾಗಲ್ಲ. ನಾಳೆ ಬಂದರೆ ಇನ್ನೊಬ್ಬ ಕೊಯ್ದಿರುತ್ತಾನೆ. ಅದಕ್ಕೇ ಕಾಯಿಯನ್ನೇ ಬಡಿದರು, ಹತ್ತುವ ತಾಪತ್ರಯವೇ ಬೇಡವೆಂದು ಕೊಂಬೆ ಕಡಿದರು. ಎಳೆಗಾಯಿಯ ಸಿಪ್ಪೆ ಕಡಿಮೆ, ಬೀಜ ಬಲಿತಿರುವುದಿಲ್ಲ, ಮೊಳೆಯುವುದೂ ಇಲ್ಲ. ಇದಲ್ಲದೆ ಈ ಹಣ್ಣು ಬರುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲ, ಸಿಪ್ಪೆ ಒಣಗಬೇಕಾದರೆ ಹಗಲೂ ರಾತ್ರಿ ಬೆಂಕಿ. ಆ ಸೌದೆಯೂ ಅದೇ ಕಾಡಿನದು. ಕಡಿಮೆ ಸೌದೆಯ ಒಲೆಗಳು ಆಮೇಲೆ ಬಂದವು, ಕೆಲವು ಮನೆಗಳಲ್ಲಿ ಉಳಿದವು.

ಹಣ್ಣು ಆರಿಸುವವರಿಗೆ ದುರಾಸೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸಲಿಲ್ಲ. ನಾಳೆಯೂ ಈ ಮರ ತನ್ನ ಪಾಲಿಗೆ ಇರುತ್ತದೆಂಬ ಖಾತ್ರಿ ಇದ್ದವನಿಗೆ ಕಾಯುವುದು ಸಾಧ್ಯ. ಇಲ್ಲದವನಿಗೆ ಸಂಯಮದ ಪಾಠ ಹೇಳಿ ಪ್ರಯೋಜನವಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಒಡೆತನವನ್ನು ಒಪ್ಪಿದ್ದು ಇದೇ ಕಾರಣಕ್ಕೆ ದೊಡ್ಡ ಮಾತು.

ಪಾಲುದಾರರು ಮನುಷ್ಯರಷ್ಟೇ ಅಲ್ಲ. ಅಘನಾಶಿನಿ ಕಣಿವೆ ಸಿಂಗಳೀಕಗಳ ಮನೆ. ಉಪ್ಪಾಗೆ ಅವುಗಳಿಗೂ ಊಟ. 2011ರಲ್ಲಿ ಇಲ್ಲಿಯ ಕಾಡನ್ನು ಸಿಂಗಳೀಕಕ್ಕೆಂದೇ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು, ಮುಂದೆ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿತು. ಗಡಿ ಎಲ್ಲಿ ಎಂದು ಕಾಡಿನಲ್ಲಿ ಗೆರೆ ಎಳೆದಿರುವುದಿಲ್ಲ. ಹೊರಗಿನವರು ಊರವರನ್ನೋ ಅರಣ್ಯ ಇಲಾಖೆಯ ಗಾರ್ಡನ್ನೋ ಕೇಳದೆ ಒಂದೆಲೆಯನ್ನೂ ಮುಟ್ಟದಿರುವುದು ಒಳ್ಳೆಯದು. ಅತ್ತೆ ಬಿದ್ದ ಹಣ್ಣುಗಳಲ್ಲೂ ಒಡೆದಿಲ್ಲದ ಹತ್ತನ್ನು ಆರಿಸಿ, ಉಳಿದದ್ದನ್ನು ಬಿಟ್ಟಳು.

ಬಿದಿರುಮೆಳೆಯ ಬಳಿ ಕಳಲೆ ಕೂರಾಗಿ ಎದ್ದಿತ್ತು. ನನ್ನ ಬಾಯಲ್ಲಿ ನೀರು. ಅತ್ತೆ ಉಗುರು ತೋರಿಸಿ ನಕ್ಕಳು. ಬಿದಿರು ಒಂದೇ ಮಳೆಗಾಲದಲ್ಲಿ ತನ್ನ ಪೂರ್ತಿ ಎತ್ತರಕ್ಕೆ ಏರುವ ಗಿಡ. ಮುರಿದ ಪ್ರತಿ ಕಳಲೆಯೂ ಒಂದು ಇಡೀ ಬಿದಿರು. ಕಾಡಿನಲ್ಲಿ ಅನುಮತಿಯಿಲ್ಲದೆ ಮುರಿದರೆ ಕೇಸೂ ಬೀಳುತ್ತದೆ. ಮನೆಯ ಹಿತ್ತಲಲ್ಲಿ ನೆಟ್ಟ ಮೆಳೆಯಿಂದ ವರ್ಷಕ್ಕೆ ಎರಡು ತೆಗೆದು, ಹೆಚ್ಚಿ, ಮೂರು ದಿನ ನೀರು ಬದಲಿಸುತ್ತ ನೆನೆಸಿ ಅಡುಗೆ ಮಾಡುತ್ತಾಳಂತೆ. ಹಸಿ ಕಳಲೆಯಲ್ಲಿ ಸಯನೈಡ್ ಅಂಶವಿದೆ, ನೆನೆಸುವುದು ಬರೀ ಕಹಿ ಹೋಗಲಿ ಎಂದಲ್ಲ.

ಇಳಿಯುವ ದಾರಿಯಲ್ಲಿ ಹಳ್ಳದ ಬದಿಗೆ ಅಶೋಕದ ಮರ. ಪೇಟೆಯ ರಸ್ತೆಬದಿಯ ಕಂಬದಂಥ ಅಶೋಕವಲ್ಲ. ಕೆಂಪು ಕಿತ್ತಳೆ ಗೊಂಚಲು ಬಿಡುವ ನಿಜವಾದ ಅಶೋಕ. ಎದೆಯೆತ್ತರದಲ್ಲಿ ಸುತ್ತಲೂ ತೊಗಟೆ ಎದ್ದಿತ್ತು. ಅಶೋಕಾರಿಷ್ಟಕ್ಕೆ ಬೇಕು, ಕೊಳ್ಳುವವರಿದ್ದಾರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಸುತ್ತು ಪೂರ್ತಿ ಸುಲಿದರೆ ಮರ ನಿಂತಲ್ಲೇ ಉಪವಾಸ ಬಿದ್ದು ಸಾಯುತ್ತದೆ. ಅಳಿವಿನ ಭೀತಿಯಲ್ಲಿರುವ ಗಿಡಮರಗಳ ಕೆಂಪು ಪಟ್ಟಿಯಲ್ಲಿ ಈ ಮರದ ಹೆಸರಿದೆ. ಅತ್ತೆ ಏನೂ ಹೇಳಲಿಲ್ಲ, ಸುಲಿದ ಜಾಗದ ಮೇಲೆ ಕೈಯಾಡಿಸಿ ಮುಂದೆ ನಡೆದಳು.

ಗದ್ದೆಯಂಚಿನ ಕಾಸರಕವನ್ನು ಮಾತ್ರ ಬೆರಳು ಮಾಡಿ ತೋರಿಸಿದಳು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲೇ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನೀನ್, ಬ್ರೂಸಿನ್, ಪ್ರಾಣಕ್ಕೇ ಸಂಚಕಾರ. ಹಾಲೆಯ ಎಲೆ ಗೆಣ್ಣಿನ ಸುತ್ತ ಚಕ್ರದಂತೆ, ಸಾಮಾನ್ಯವಾಗಿ ಏಳು. ಗಾಯ ಮಾಡಿದರೆ ಬಿಳಿ ಹಾಲು. ಕಾಸರಕದ ಎಲೆ ಎದುರುಬದುರು ಎರಡೆರಡು, ಹಾಲಿಲ್ಲ. ತಿಳಿದವರು ಹಿಂದಿನ ದಿನವೇ ಬೆಳಕಿನಲ್ಲಿ ಮರ ಗುರುತಿಸಿ ದಾರ ಕಟ್ಟಿ ಬರುತ್ತಾರೆ. ಮೊಬೈಲಿನಲ್ಲಿ ಫೋಟೊ ಹೊಡೆದು ಗಿಡದ ಹೆಸರು ಕೇಳುವ ನಮಗೂ ಆ ದಾರದಷ್ಟು ಎಚ್ಚರ ಬೇಕು.

ಮೂರು ಗಂಟೆ ತಿರುಗಿ ಬುಟ್ಟಿಯಲ್ಲಿ ಬಿದ್ದದ್ದು ಎರಡು ಹಿಡಿ ಒಂದೆಲಗ, ಮೂರು ಮರದಿಂದ ಹನ್ನೊಂದು ಕೆಸುವಿನೆಲೆ, ಹತ್ತು ಉಪ್ಪಾಗೆ. ಒಂದೆಲಗವನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸಿದರೆ ತಂಬಳಿ. ಐದು ಜನಕ್ಕೆ ಸಾಕಾಗಿ ಮಿಕ್ಕಿತು.

ಅಂಗಿ ಕಳಚುವಾಗ ತೋಳಿಗೆ ಕಂದುಬಣ್ಣದ ಕಾಳಿನಂಥವು ಅಂಟಿಕೊಂಡಿದ್ದವು. ಉಣ್ಣಿಯೆಂದು ಗಾಬರಿಯಾದೆ. ಮರಕೆಸುವಿನ ಮರಿಗೆಡ್ಡೆಗಳು, ಸಣ್ಣ ಕೊಕ್ಕೆಗಳಿಂದ ಹೋಗುವವರ ಮೈಗಂಟಿಕೊಂಡು ಇನ್ನೊಂದು ಮರ ಸೇರುವುದು ಅವುಗಳ ಉಪಾಯ. ಅತ್ತೆ ಅವನ್ನು ಬಿಡಿಸಿ, ಅಂಗಳದ ಹಲಸಿನ ಮರದ ಪಾಚಿಯಲ್ಲಿ ನನ್ನಿಂದಲೇ ಸಿಕ್ಕಿಸಿದಳು. ಇದು ಹೋದ ವರ್ಷದ ಮಾತು. ಈ ಮಳೆಗೆ ಎರಡು ಎಲೆ ಬಂದಿವೆ ಎಂದು ಫೋನಿನಲ್ಲಿ ಹೇಳಿದಳು. ಪತ್ರೊಡೆಗೆ ಸಾಲದು.